ಹಲ್ಲಿರುವ ಚಮಚ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ನಮ್ಮ ಮನೆಯ ಚಮಚಗಳ ಡಬ್ಬಿಯಲ್ಲಿ ಕೈಗೆ ಮೊದಲು ಸಿಗುವುದು ತುದಿಯಲ್ಲಿ ಮೂರು ಗಿಡ್ಡ ಹಲ್ಲುಗಳಿರುವ ಉಕ್ಕಿನ ಚಮಚ. ಅದನ್ನು ಕಂಡ ನೆಂಟರು, ನೆರೆಯವರು ಮತ್ತು ಕಚೇರಿಯ ಗೆಳೆಯರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಈ ಚಮಚದ ಮೇಲೆ ನನಗೆ ತುಂಬ ಅಭಿಮಾನವಿರುವುದರಿಂದ ಕೆಲವು ಉತ್ತರಗಳು ಉದ್ದವಾಗಿವೆ.

ಇದು ಚಮಚವೋ, ಫೋರ್ಕೋ?

ಎರಡೂ ಹೌದು. ಹಿಡಿಕೆ ಮತ್ತು ತಗ್ಗು ಚಮಚದವು, ತುದಿ ಮಾತ್ರ ಫೋರ್ಕಿನದು. ಹಲ್ಲುಗಳು ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಇರುತ್ತವೆ, ತಗ್ಗನ್ನು ತುಂಬ ಆಳಕ್ಕೆ ಸೀಳಿರುವುದಿಲ್ಲ. ಹೊರದೇಶಗಳಲ್ಲಿ ಇದನ್ನು ಸ್ಪೋರ್ಕ್ ಎನ್ನುತ್ತಾರೆ. ಪಾತ್ರೆ ಅಂಗಡಿಯಲ್ಲಿ ಆ ಹೆಸರು ಹೇಳಿ ಕಾಯುವುದಕ್ಕಿಂತ “ತುದಿಗೆ ಹಲ್ಲಿರೋ ಚಮಚಾ ತೋರಸ್ರಿ” ಎಂದರೆ ಬೇಗ ಸಿಗುತ್ತದೆ.

ಇದನ್ನು ಮೊದಲು ಯಾರು ಮಾಡಿದರು?

ಒಬ್ಬರ ಹೆಸರಿಗೇ ಪೂರ್ತಿ ಬರೆದುಕೊಡಲು ಬಾರದ ವಸ್ತುವಿದು. ಆದರೂ ದಾಖಲೆಯಲ್ಲಿ ಗಟ್ಟಿಯಾಗಿ ನಿಲ್ಲುವ ಒಂದು ಹೆಸರಿದೆ, ಅದು ಅಮೆರಿಕದ ಸ್ಯಾಮ್ಯುಯೆಲ್ ಡಬ್ಲ್ಯು. ಫ್ರಾನ್ಸಿಸ್ ಅವರದು. ಚಮಚ, ಫೋರ್ಕ್ ಮತ್ತು ಚಾಕು ಮೂರನ್ನೂ ಒಂದೇ ಹಿಡಿಕೆಗೆ ಕೂಡಿಸಿದ ಸಾಧನಕ್ಕೆ ಅವರು 1874ರ ಫೆಬ್ರವರಿಯಲ್ಲಿ ಪೇಟೆಂಟ್ ಪಡೆದರು. ವೃತ್ತಿಯಿಂದ ವೈದ್ಯರಾಗಿದ್ದ ಇದೇ ಫ್ರಾನ್ಸಿಸ್, ಅದಕ್ಕೂ ಮೊದಲು 1857ರಲ್ಲಿ, ಪಿಯಾನೊದ ಕೀಲಿಗಳನ್ನು ಒತ್ತಿದರೆ ಅಕ್ಷರ ಮೂಡುವ ಬರೆಯುವ ಯಂತ್ರವೊಂದಕ್ಕೂ ಪೇಟೆಂಟ್ ಪಡೆದಿದ್ದರು. ಬೇರೆ ಬೇರೆ ಇರುವ ಎರಡು ವಸ್ತುಗಳನ್ನು ಕಂಡ ಕೂಡಲೇ ಇವು ಒಂದಾಗಬಾರದೇಕೆ ಎಂದು ಯೋಚಿಸುವ ಮನಸ್ಸು ಅವರದಾಗಿತ್ತು ಎಂದು ನನಗೆ ಅನ್ನಿಸುತ್ತದೆ, ಮತ್ತು ಅಂಥ ಮನಸ್ಸಿನವರ ಬಗ್ಗೆ ನನಗೆ ಪ್ರೀತಿಯಿದೆ.

ಸ್ಪೋರ್ಕ್ ಎಂಬ ಹೆಸರು 1909ರ ಹೊತ್ತಿಗೆ ಅಮೆರಿಕದ ನಿಘಂಟಿಗೆ ಸೇರಿತ್ತು. 1970ರಲ್ಲಿ ಅಲ್ಲಿಯ ವ್ಯಾನ್ ಬ್ರೋಡ್ ಮಿಲ್ಲಿಂಗ್ ಕಂಪನಿ ತನ್ನ ಪ್ಲಾಸ್ಟಿಕ್ ಚಮಚಗಳಿಗಾಗಿ ಅದನ್ನು ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಿತು. ಶಾಲೆಯ ಊಟದ ಕೋಣೆಗಳಿಗೆ ಮತ್ತು ಪೊಟ್ಟಣದ ಊಟಗಳಿಗೆ ಇದು ಲೆಕ್ಕವಿಲ್ಲದಷ್ಟು ಸಂಖ್ಯೆಯಲ್ಲಿ ಹೋದದ್ದು ಪ್ಲಾಸ್ಟಿಕ್ ಬಂದ ಮೇಲೆಯೇ.

ರೊಟ್ಟಿ ತಿನ್ನುವ ನಾಡಿಗೆ ಇಂಥ ಚಮಚ ಯಾತಕ್ಕೆ ಬೇಕು?

ರೊಟ್ಟಿಯ ಊಟಕ್ಕೆ ಬೇಡವೇ ಬೇಡ. ಜೋಳದ ರೊಟ್ಟಿಯ ತುಣುಕು ಮುರಿದು, ಅದರಿಂದಲೇ ಎಣ್ಣೆಗಾಯಿಯ ಮಸಾಲೆಯನ್ನು ಬಳಿದು, ಮೊಸರಿನಲ್ಲಿ ಕಲಸಿದ ಶೇಂಗಾ ಚಟ್ನಿಯನ್ನು ಹಚ್ಚಿ ಬಾಯಿಗೆ ಇಡುವ ಕೆಲಸದಲ್ಲಿ ಐದು ಬೆರಳುಗಳಿಗೆ ಸರಿಸಾಟಿಯಾದ ಸಾಧನವನ್ನು ಯಾರೂ ಇನ್ನೂ ಮಾಡಿಲ್ಲ. ಖಾನಾವಳಿಯಲ್ಲಿ ಕುಳಿತು ಈ ಚಮಚವನ್ನು ಕಿಸೆಯಿಂದ ತೆಗೆಯುವವರನ್ನು ನಾನೇ ತಡೆಯುತ್ತೇನೆ.

ಆದರೆ ನಮ್ಮ ದಿನದ ತಿನಿಸೆಲ್ಲ ರೊಟ್ಟಿಯಲ್ಲ, ನಾವು ತಿನ್ನುವ ಜಾಗದಲ್ಲೆಲ್ಲ ಕೈ ತೊಳೆಯಲು ನೀರೂ ಇರುವುದಿಲ್ಲ. ಬಸ್ ನಿಲ್ದಾಣದಲ್ಲಿ ಮಡಿಲ ಮೇಲೆ ಡಬ್ಬಿ ಬಿಚ್ಚಿದಾಗ, ಕಾಗದಗಳು ಹರಡಿರುವ ಕಚೇರಿಯ ಮೇಜಿನ ಅಂಚಿನಲ್ಲಿ ಉಪ್ಪಿಟ್ಟು ತಿನ್ನುವಾಗ, ಆಸ್ಪತ್ರೆಯಲ್ಲಿ ಮಲಗಿದವರ ಪಕ್ಕದ ಸ್ಟೂಲಿನ ಮೇಲೆ ಕುಳಿತು ಊಟ ಮುಗಿಸುವಾಗ, ಸಂಜೆ ಗಾಡಿಯ ಮುಂದೆ ನಿಂತಾಗ ಒಂದು ಚಮಚ ಬೇಕೇ ಬೇಕು. ಅಂಥ ತಿನಿಸುಗಳಲ್ಲಿ ಒಣದ್ದು, ಹಸಿಯದ್ದು, ತೇವದ್ದು ಎಲ್ಲ ಬೆರೆತಿರುತ್ತವೆ. ಬರೀ ಚಮಚಕ್ಕೆ ಹೋಳು ನಿಲ್ಲುವುದಿಲ್ಲ, ಬರೀ ಫೋರ್ಕಿಗೆ ರಸ ನಿಲ್ಲುವುದಿಲ್ಲ. ಎರಡನ್ನೂ ಒಂದೇ ಕೈಯಿಂದ ಸಂಭಾಳಿಸುವುದು ಈ ಚಮಚ. ನನ್ನ ವಾದವೆಲ್ಲ ಇಷ್ಟೇ.

ಇದು ಅತ್ಯುತ್ತಮವಾಗಿ ಒಗ್ಗುವ ನಮ್ಮ ತಿನಿಸು ಯಾವುದು?

ಶಾವಿಗೆ ಪಾಯಸ. ಎರಡನೆಯ ಮಾತಿಲ್ಲ.

ಸಾದಾ ಚಮಚದಲ್ಲಿ ಪಾಯಸ ತಿನ್ನುವವರನ್ನು ಒಮ್ಮೆ ಹತ್ತಿರದಿಂದ ನೋಡಿ. ಚಮಚ ಮುಳುಗುತ್ತದೆ, ಏಳುತ್ತದೆ, ಏಳುವಷ್ಟರಲ್ಲಿ ಶಾವಿಗೆಯ ಎಳೆಗಳು ನುಣುಪಾದ ಅಂಚಿನ ಮೇಲಿಂದ ಜಾರಿ ಮತ್ತೆ ಬಟ್ಟಲಿಗೆ ಬೀಳುತ್ತವೆ, ಬಾಯಿಗೆ ಬರುವುದು ಹಾಲು ಮತ್ತು ಒಂದು ಏಲಕ್ಕಿ ಸಿಪ್ಪೆ. ಹೀಗೆ ತಿಂದರೆ ಕೊನೆಗೆ ಬಟ್ಟಲಿನಲ್ಲಿ ಬರೀ ಶಾವಿಗೆ ಉಳಿಯುತ್ತದೆ, ಅದನ್ನು ಬೆರಳಿನಿಂದ ತಳ್ಳಿ ಚಮಚಕ್ಕೆ ಹತ್ತಿಸಬೇಕಾಗುತ್ತದೆ. ಹಲ್ಲಿರುವ ಚಮಚದಲ್ಲಿ ಆಗುವುದು ಬೇರೆ. ಬಟ್ಟಲಿನ ಅಂಚಿಗೆ ಅದನ್ನು ಇಳಿಸಿ, ತಳದಲ್ಲಿ ಅರ್ಧ ಸುತ್ತು ತಿರುಗಿಸಿ ಮೇಲೆತ್ತಿದರೆ ಎಳೆಗಳು ಹಲ್ಲುಗಳ ಸಂದಿಗೆ ಸಿಕ್ಕಿ ಒಂದು ಸಣ್ಣ ಸಿಂಬಿಯಾಗಿ ಮಡಚಿಕೊಳ್ಳುತ್ತವೆ, ಅದರ ಹಿಂದಿನ ತಗ್ಗಿನಲ್ಲಿ ಹಾಲು ನಿಲ್ಲುತ್ತದೆ, ಹಾಲಿನ ಮೇಲೆ ತುಪ್ಪದ ಹೊಳಪು ತೇಲುತ್ತದೆ, ಅದೃಷ್ಟವಿದ್ದರೆ ಒಂದು ಗೋಡಂಬಿಯೂ ಜೊತೆಗಿರುತ್ತದೆ. ಒಂದೇ ತುತ್ತಿನಲ್ಲಿ ಎಲ್ಲವೂ ತಕ್ಕ ಪ್ರಮಾಣದಲ್ಲಿ ಬರುತ್ತದೆ. ಮನೆಯ ಮಾಳಿಗೆಯ ಮೇಲೆ ಹೊಸೆದು ಒಣಗಿಸಿದ ಉದ್ದನೆಯ ಶಾವಿಗೆಯಾದರೆ ಈ ಅನುಕೂಲ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ, ಅಂಗಡಿಯ ತುಂಡು ಶಾವಿಗೆಯಲ್ಲಿ ಅಷ್ಟಿಲ್ಲ.

ಮೊಸರನ್ನಕ್ಕೆ ಎರಡನೆಯ ಸ್ಥಾನ ಕೊಡುತ್ತೇನೆ. ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳು ದ್ರಾಕ್ಷಿ, ದಾಳಿಂಬೆ ಬೆಳೆಯುವ ನೆಲ, ಸುಗ್ಗಿಯಲ್ಲಿ ಅವು ಬೆಳಗಾವಿಯ ಮೊಸರನ್ನಕ್ಕೂ ಬಂದು ಸೇರುತ್ತವೆ. ದುಂಡನೆಯ ದ್ರಾಕ್ಷಿಯನ್ನು ಸಾದಾ ಚಮಚದಿಂದ ಹಿಡಿಯಲು ಹೋದರೆ ಅದು ತಟ್ಟೆಯ ಸುತ್ತ ಓಡುತ್ತದೆ. ಹಲ್ಲು ತಾಗಿಸಿದರೆ ಅಲ್ಲೇ ನಿಲ್ಲುತ್ತದೆ.

ಗಿರ್ಮಿಟ್ಟಿಗೆ ಹೇಗೆ?

ಒಳ್ಳೆಯದು, ಆದರೆ ಹಿಡಿಯುವ ಕ್ರಮ ಗೊತ್ತಿರಬೇಕು. ಚುರುಮುರಿಗೆ ಹುಣಸೆ, ಬೆಲ್ಲ, ಈರುಳ್ಳಿಯ ಒಗ್ಗರಣೆ ಬೆರೆಸಿ, ಪುಟಾಣಿ ಹಿಟ್ಟು ಹಾಕಿ, ಮೇಲೆ ಸೇವು ಮತ್ತು ಹಸಿ ಈರುಳ್ಳಿ ಉದುರಿಸಿ ಕೊಟ್ಟಾಗ ಅದು ಗೋಪುರದ ಆಕಾರದಲ್ಲಿರುತ್ತದೆ. ಮೇಲಿನಿಂದ ಚಮಚ ಹಾಕಿದರೆ ಸೇವೆಲ್ಲ ತಟ್ಟೆಯಾಚೆ ಬೀಳುತ್ತದೆ. ಪಕ್ಕದಿಂದ ಹಲ್ಲುಗಳನ್ನು ಅಡಿಗೆ ತೂರಿಸಿ ಮೇಲೆತ್ತಬೇಕು. ಒಗ್ಗರಣೆಯಿಂದ ಮೆತ್ತಗಾದ ಚುರುಮುರಿ ಹಲ್ಲುಗಳಿಗೆ ಹತ್ತಿಕೊಳ್ಳುತ್ತದೆ, ಮೇಲಿನ ಗರಿಗರಿ ಸೇವು ತಗ್ಗಿನಲ್ಲಿ ಕೂಡುತ್ತದೆ. ಜೊತೆಯ ಮೆಣಸಿನಕಾಯಿ ಭಜಿಯನ್ನು ಮಾತ್ರ ಎಡಗೈಯಲ್ಲಿ ಹಿಡಿಯಿರಿ, ಅದಕ್ಕೆ ಯಾವ ಚಮಚವೂ ಬೇಡ. ಸುಸಲಾ, ಒಗ್ಗರಣೆ ಅವಲಕ್ಕಿ, ಮೊಳಕೆ ಕಾಳಿನ ಉಸಳಿ ಇವೆಲ್ಲಕ್ಕೂ ಇದೇ ಕ್ರಮ ನಡೆಯುತ್ತದೆ.

ಬೆಳಗಾವಿಯ ಕುಂದಾ, ಗೋಕಾಕದ ಕರದಂಟು?

ಕುಂದಾಕ್ಕೆ ಇದು ಹೇಳಿ ಮಾಡಿಸಿದ್ದು. ಹಾಲು ಬತ್ತಿಸಿ ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯಿಸಿದ ಕುಂದಾ ಡಬ್ಬಿಯಲ್ಲಿ ಅಂಟಂಟಾಗಿ, ಹರಳು ಹರಳಾಗಿ ಕೂತಿರುತ್ತದೆ. ಹಲ್ಲುಗಳಿಂದ ಗೆರೆ ಎಳೆದರೆ ಬೇಕಾದಷ್ಟೇ ಬಿಡಿಸಿಕೊಳ್ಳಬಹುದು, ಮುಂದಿನವರಿಗೆ ಉಳಿದದ್ದು ಚಂದವಾಗಿ ಉಳಿಯುತ್ತದೆ. ಗೋಕಾಕದ್ದಾಗಲಿ ಅಮೀನಗಡದ್ದಾಗಲಿ ಕರದಂಟಿನ ಮೇಲೆ ಇದನ್ನು ಪ್ರಯೋಗಿಸಬೇಡಿ. ಅಂಟು, ಬೆಲ್ಲ, ಉತ್ತತ್ತಿ ಸೇರಿ ಗಟ್ಟಿಯಾದ ಆ ಸಿಹಿಗೆ ನಿಮ್ಮ ಸ್ವಂತ ಹಲ್ಲುಗಳೇ ಬೇಕು.

ಸಂದಿಯಿಂದ ಸಾರು ಸೋರುವುದಿಲ್ಲವೇ?

ಸೋರುತ್ತದೆ, ಆದರೆ ಜನ ಭಾವಿಸಿರುವಷ್ಟು ಸೋರುವುದಿಲ್ಲ. ಚಮಚವನ್ನು ಮಟ್ಟಸವಾಗಿ ಹಿಡಿದರೆ ದ್ರವದ ಮಟ್ಟ ಹಲ್ಲುಗಳ ಬುಡದವರೆಗೆ ಮಾತ್ರ ಏರಬಲ್ಲದು, ಅದರಾಚೆ ಸುರಿದದ್ದು ಸಂದಿಯಿಂದ ಇಳಿದುಹೋಗುತ್ತದೆ. ಸಂದಿ ತೀರ ಕಿರಿದಾಗಿದ್ದರೆ ದ್ರವದ ಮೇಲ್ಮೈಯ ಎಳೆತ ಸ್ವಲ್ಪ ಹೊತ್ತು ಅದನ್ನು ತಡೆಯುತ್ತದೆ, ದ್ರವ ದಪ್ಪವಾದಷ್ಟೂ ತಡೆ ಹೆಚ್ಚು. ಆದ್ದರಿಂದ ಬೇಳೆ ಪಲ್ಯ, ಗೋಧಿ ಹುಗ್ಗಿ, ಗಟ್ಟಿ ಕಟ್ಟಿನ ಸಾರು ಕಲಸಿದ ಅನ್ನ ಇವುಗಳಿಗೆ ಏನೂ ತೊಂದರೆಯಿಲ್ಲ. ತುದಿಯನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿ, ಹಿಡಿಕೆಯ ಕಡೆಗೆ ವಾಲಿಸಿ ಹಿಡಿಯುವುದನ್ನು ಕೈಗೆ ರೂಢಿ ಮಾಡಿಸಿದರೆ ತಿಳಿ ಸಾರೂ ಬಾಯಿಯವರೆಗೆ ಬರುತ್ತದೆ. ಮಜ್ಜಿಗೆ, ಅಂಬಲಿಗಳನ್ನು ಯಾವ ಚಮಚದಲ್ಲೂ ಕುಡಿಯಬಾರದು, ಲೋಟವನ್ನೇ ಎತ್ತಬೇಕು.

ಹಲ್ಲುಗಳು ಗಿಡ್ಡವಾಗಿವೆ, ಸರಿಯಾಗಿ ಚುಚ್ಚುವುದೇ ಇಲ್ಲವಲ್ಲ?

ಇದು ನ್ಯಾಯವಾದ ದೂರು. ಹಸಿ ಗಜ್ಜರಿಯ ಹೋಳಿಗೆ ಇದು ಸೋಲುತ್ತದೆ. ಹಲ್ಲು ಉದ್ದ ಮಾಡಿದರೆ ತಗ್ಗು ಕಿರಿದಾಗುತ್ತದೆ, ತಗ್ಗು ದೊಡ್ಡದು ಮಾಡಿದರೆ ಹಲ್ಲು ಮೊಂಡಾಗುತ್ತದೆ, ತಯಾರಿಸುವವರು ಎಲ್ಲೋ ಒಂದು ಕಡೆ ರಾಜಿಯಾಗಲೇಬೇಕು. ನನ್ನ ಮಟ್ಟಿಗೆ ಹಲ್ಲು ಗಿಡ್ಡವಿದ್ದರೂ ನಡೆದೀತು, ಏಕೆಂದರೆ ನಮ್ಮ ಅಡುಗೆಯಲ್ಲಿ ಬೆಂದು ಮೆತ್ತಗಾದದ್ದೇ ಹೆಚ್ಚು. ಬದನೆಕಾಯಿ, ಬಟಾಟೆ, ಪನೀರ್, ಪಪ್ಪಾಯಿ, ಕಲ್ಲಂಗಡಿ, ಗೋಬಿ ಮಂಚೂರಿ ಎಲ್ಲವೂ ಇದರ ಹಲ್ಲಿಗೆ ಸಿಗುತ್ತವೆ. ಮಂಚೂರಿಯಲ್ಲಂತೂ ಹೋಳನ್ನು ಚುಚ್ಚಿ ತಿಂದ ಮೇಲೆ ತಟ್ಟೆಯ ತಳದ ಗ್ರೇವಿಯನ್ನು ಅದೇ ಚಮಚದಿಂದ ಬಳಿದು ಮುಗಿಸಬಹುದು.

ಮದುವೆಯ ಬಫೆಗೆ ಒಯ್ಯಬಹುದೇ?

ದಯವಿಟ್ಟು ಒಯ್ಯಿರಿ. ಪಂಕ್ತಿಯ ಊಟದಲ್ಲಿ ಎಲೆ ನೆಲದ ಮೇಲೋ ಮೇಜಿನ ಮೇಲೋ ಗಟ್ಟಿಯಾಗಿ ಕೂತಿರುತ್ತದೆ, ಎರಡೂ ಕೈ ಬಿಡುವಾಗಿರುತ್ತವೆ. ಬಫೆಯಲ್ಲಿ ಎಡಗೈ ತಟ್ಟೆಯದಾಗುತ್ತದೆ. ತಟ್ಟೆಯಲ್ಲಿ ಪಲಾವ್, ಅದರ ಪಕ್ಕ ಕೋಸಂಬರಿ, ಕೋಸಂಬರಿಯ ಕಡೆಗೆ ಹರಿದು ಬರುತ್ತಿರುವ ಪನೀರಿನ ರಸ, ಒಂದು ಮೂಲೆಯಲ್ಲಿ ಜಿಲೇಬಿ. ಹೀಗಿರುವಾಗ ಬೀಗರ ಕಡೆಯ ಹಿರಿಯರೊಬ್ಬರು ಎದುರಿಗೆ ಬಂದು “ಆರಾಮ ಇದ್ದೀರೇನ್ರಿ?” ಎಂದು ಕೇಳುತ್ತಾರೆ. ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಲ್ಲಿ ಫೋರ್ಕ್ ಹಿಡಿಯಲು ಮೂರನೆಯ ಕೈ ಬೇಕಲ್ಲವೇ? ಅವರಿಗೆ ನಮಸ್ಕಾರ ಮಾಡಲು ನಾಲ್ಕನೆಯದೂ ಬೇಕು. ಹಲ್ಲಿರುವ ಚಮಚ ಒಂದಿದ್ದರೆ ಕೋಸಂಬರಿ, ಪನೀರು, ಜಿಲೇಬಿಯ ತುಂಡು ಎಲ್ಲವೂ ಅದಕ್ಕೇ ಆಗುತ್ತದೆ, ಅದನ್ನು ತಟ್ಟೆಯ ಅಂಚಿಗೆ ಹೆಬ್ಬೆರಳಿನಿಂದ ಒತ್ತಿಟ್ಟುಕೊಂಡರೆ ಬಲಗೈ ಕೂಡಲೇ ಬಿಡುವಾಗುತ್ತದೆ.

ಈ ಕಷ್ಟ ನಮ್ಮೊಬ್ಬರದೇ ಅಲ್ಲ. ಆಸ್ಟ್ರೇಲಿಯಾದ ಸಿಡ್ನಿಯ ವಿಲಿಯಂ ಮೆಕಾರ್ಥರ್ 1940ರ ದಶಕದಲ್ಲಿ ಸ್ಪ್ಲೇಡ್ ಎಂಬ ಚಮಚವನ್ನು ರೂಪಿಸಿದ್ದು, ಔತಣಗಳಲ್ಲಿ ಮಡಿಲ ಮೇಲೆ ತಟ್ಟೆ ಇಟ್ಟುಕೊಂಡು ಚಾಕು ಫೋರ್ಕುಗಳೊಡನೆ ಹೆಂಗಸರು ಪಡುತ್ತಿದ್ದ ಪಾಡನ್ನು ನೋಡಿ. ಅದಕ್ಕೆ ನಾಲ್ಕು ಹಲ್ಲುಗಳ ಜೊತೆಗೆ ಎರಡೂ ಬದಿಯಲ್ಲಿ ಮೆತ್ತನೆಯ ಆಹಾರವನ್ನು ಕತ್ತರಿಸುವ ನೇರವಾದ ಅಂಚುಗಳಿವೆ. ಆ ಕಲ್ಪನೆ ಮೂಡಿದ ಕಡಲಾಚೆಯ ಔತಣಕೂಟಕ್ಕೂ ನಮ್ಮ ಕಲ್ಯಾಣ ಮಂಟಪದ ನೂಕುನುಗ್ಗಲಿಗೂ ಈ ಒಂದು ವಿಷಯದಲ್ಲಿ ಹತ್ತಿರದ ನೆಂಟಸ್ತಿಕೆಯಿದೆ.

ಹಿರಿಯರು ನೋಡಿ ನಗುವುದಿಲ್ಲವೇ?

ನಗುತ್ತಾರೆ, ನಗಲಿ. ನಮ್ಮ ಓಣಿಯ ಆಯಿಯೊಬ್ಬರು ಇದನ್ನು ಮೊದಲ ಸಲ ನೋಡಿದಾಗ ಕೈಯಲ್ಲಿ ಹಿಡಿದು, ತಿರುವಿ, ಹಲ್ಲುಗಳ ಮೇಲೆ ಬೆರಳಾಡಿಸಿ, “ಏನ ತಮ್ಮಾ, ನನ್ನ ಹಲ್ಲ ಹ್ವಾದೂ, ಈ ಚಮಚಕ್ಕ ಬಂದಾವಲ್ಲೋ!” ಎಂದರು. “ಒಮ್ಮೆ ಉಂಡು ನೋಡ್ರಿ ಆಯಿ” ಎಂದು ಒಂದು ಬಟ್ಟಲು ಹುಗ್ಗಿ ಕೊಟ್ಟೆ. ಅವರು ಮೊದಲು ಮಾಡಿದ ಕೆಲಸವನ್ನು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ: ಚಮಚವನ್ನು ಬೋರಲು ಹಾಕಿ, ಹಲ್ಲುಗಳಿಂದ ಗೋಧಿಯ ಕಾಳುಗಳನ್ನು ಬಟ್ಟಲಿನ ಬದಿಗೆ ಒತ್ತಿ ನುರಿದರು, ಆಮೇಲೆ ಅದನ್ನೇ ಮಗುಚಿ ಎತ್ತಿ ತಿಂದರು. ಹಲ್ಲು ಹೋದವರಿಗೆ ಬಾಳೆಹಣ್ಣು, ಬೇಯಿಸಿದ ಬಟಾಟೆ, ನೆನೆದ ಭಕ್ಷ್ಯಗಳನ್ನು ತಟ್ಟೆಯಲ್ಲೇ ಹಿಸುಕಿಕೊಳ್ಳಲು ಇದಕ್ಕಿಂತ ಅನುಕೂಲವಾದದ್ದಿಲ್ಲ. ಸಾದಾ ಚಮಚದ ನುಣುಪು ಅಂಚಿನಿಂದ ಹಿಸುಕಿದರೆ ಕಾಳು ಜಾರುತ್ತದೆ, ಇಲ್ಲಿ ಸಂದಿಗಳು ಅದನ್ನು ಹಿಡಿದು ನಿಲ್ಲಿಸುತ್ತವೆ.

ಮಕ್ಕಳಿಗೆ ಕೊಡಬಹುದೇ?

ಕೊಡಬಹುದು, ಹಲ್ಲಿನ ತುದಿ ಗುಂಡಗೆ ಇರಬೇಕು, ಹಿಡಿಕೆ ಗಿಡ್ಡವಾಗಿ ದಪ್ಪಗಿರಬೇಕು, ಬಾಯಲ್ಲಿ ಇಟ್ಟುಕೊಂಡು ಓಡಲು ಬಿಡಬಾರದು. ಸ್ವತಃ ತಿನ್ನಲು ಕಲಿಯುತ್ತಿರುವ ಮಗುವಿಗೆ ಹೋಳು ಜಾರದೆ ಬಾಯಿ ಸೇರುವುದು ದೊಡ್ಡ ಸಂತೋಷ.

ಆದರೆ ಇದರ ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು, ಅದಕ್ಕೆ ಜಪಾನಿನ ಉದಾಹರಣೆ ಇದೆ. ಎರಡನೆಯ ಮಹಾಯುದ್ಧದ ನಂತರ ಅಲ್ಲಿಯ ಶಾಲೆಗಳ ಮಧ್ಯಾಹ್ನದ ಊಟದಲ್ಲಿ ಬ್ರೆಡ್ಡಿನ ಜೊತೆಗೆ ಹಲ್ಲಿರುವ ಚಮಚವೇ ರೂಢಿಗೆ ಬಂತು. ವರ್ಷಗಳು ಕಳೆದ ಮೇಲೆ, ಮಕ್ಕಳು ಈ ಚಮಚ ಹಿಡಿದು ತಟ್ಟೆಗೆ ಮುಖ ಬಗ್ಗಿಸಿ ತಿನ್ನುತ್ತಿದ್ದಾರೆ, ಊಟದ ಕಡ್ಡಿ (ಚಾಪ್‌ಸ್ಟಿಕ್) ಹಿಡಿಯುವುದನ್ನು ಕಲಿಯುತ್ತಿಲ್ಲ ಎಂಬ ಟೀಕೆ ಎದ್ದಿತು. 1976ರಲ್ಲಿ ಅನ್ನ ಅಧಿಕೃತವಾಗಿ ಶಾಲೆಯ ಊಟಕ್ಕೆ ಸೇರಿತು, ಕಡ್ಡಿಗಳು ಮರಳಿದವು, ಚಮಚ ಹಿಂದೆ ಸರಿಯಿತು. ನಮ್ಮ ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ. ರೊಟ್ಟಿ ಮುರಿಯುವುದು, ಅನ್ನ ಕಲಸುವುದು, ಬೆರಳ ತುದಿಯಲ್ಲಿ ತುತ್ತು ಮಾಡುವುದು ಮೊದಲು ಬರಲಿ. ಚಮಚ ಶಾಲೆಯ ಡಬ್ಬಿಗೆ ಇರಲಿ, ಮನೆಯ ಊಟಕ್ಕೆ ಕೈ ಇರಲಿ.

ಅನ್ನ ಸಾರು ಉಣ್ಣುವ ಬೇರೆ ದೇಶದವರು ಇದನ್ನು ಬಳಸುತ್ತಾರೆಯೇ?

ದಕ್ಷಿಣ ಕೊರಿಯಾದ ಸೈನಿಕರು ಅನ್ನ, ಸಾರು, ಪಲ್ಯಗಳಿರುವ ತಮ್ಮ ಊಟದ ತಟ್ಟೆಗೆ ದಶಕಗಳ ಕಾಲ ಹಲ್ಲಿರುವ ಉಕ್ಕಿನ ಚಮಚವನ್ನೇ ಬಳಸಿದ್ದಾರೆ.

ಕೊಳ್ಳುವಾಗ ಏನು ನೋಡಬೇಕು?

ಮೊದಲು ಸಂದಿಯ ಒಳಗೆ ಬೆರಳ ತುದಿ ಆಡಿಸಿ ನೋಡಿ. ಅಗ್ಗದ ಚಮಚಗಳಲ್ಲಿ ತಗಡನ್ನು ಅಚ್ಚಿನಿಂದ ಕತ್ತರಿಸಿ, ಉಜ್ಜಿ ನುಣುಪು ಮಾಡದೆ ಹಾಗೆಯೇ ಬಿಟ್ಟಿರುತ್ತಾರೆ. ಬೆರಳಿಗೆ ಗರಗರ ಎಂದದ್ದು ತುಟಿಗೆ ಇನ್ನೂ ಹೆಚ್ಚು ಗರಗರ ಎನ್ನುತ್ತದೆ. ಆಮೇಲೆ ಹಿಡಿಕೆ ಮತ್ತು ತಗ್ಗು ಕೂಡುವ ಕತ್ತನ್ನು ಎರಡು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಬಾಗಿದರೆ ಬೇಡ ಎನ್ನಿ. ಹಲ್ಲುಗಳ ತುದಿಗಳು ಒಂದೇ ಸಾಲಿನಲ್ಲಿರಬೇಕು, ತಗ್ಗು ಸಾಕಷ್ಟು ಆಳವಿರಬೇಕು. ಸ್ಟೇನ್‌ಲೆಸ್ ಉಕ್ಕಿನದೇ ನಮ್ಮ ಮನೆಗಳಿಗೆ ಸರಿ. ಅಲ್ಯೂಮಿನಿಯಂ ಹುಣಸೆ, ಮೊಸರಿನ ಹುಳಿಗೆ ಒಗ್ಗುವುದಿಲ್ಲ. ಟೈಟೇನಿಯಂನವು ತೂಕದಲ್ಲಿ ತೀರ ಹಗುರ, ತುಕ್ಕು ಹಿಡಿಯುವುದಿಲ್ಲ, ಆದರೆ ಬೆಲೆ ಹೆಚ್ಚು. ರಾಜಹಂಸಗಡ ಹತ್ತುವವರಿಗೆ, ಖಾನಾಪುರದ ಕಾಡಿನಲ್ಲಿ ಚಾರಣ ಮಾಡುವವರಿಗೆ ಅದು ಯೋಗ್ಯವಾದ ಖರ್ಚು. ಬುತ್ತಿಗೆ ಒಂದೇ ಚಮಚ ಸಾಕಾಗುವುದೇ ಅಂಥ ಕಡೆ ದೊಡ್ಡ ಉಪಕಾರ.

ಪ್ಲಾಸ್ಟಿಕ್ಕಿನದು ಈಗ ಸಿಗುತ್ತದೆಯೇ?

ಸಿಕ್ಕರೂ ತೆಗೆದುಕೊಳ್ಳಬೇಡಿ. ಕರ್ನಾಟಕ ಸರ್ಕಾರ 2016ರಲ್ಲಿಯೇ ಪ್ಲಾಸ್ಟಿಕ್ ಚಮಚಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ಚಮಚ, ಫೋರ್ಕ್, ಚಾಕು, ತಟ್ಟೆ, ಲೋಟಗಳ ತಯಾರಿಕೆ ಮತ್ತು ಮಾರಾಟಕ್ಕೆ ನಿಷೇಧವಿದೆ. ಆ ತೆಳ್ಳನೆಯ ಬಿಳಿ ಚಮಚ ಬಿಸಿ ಗ್ರೇವಿಗೆ ಮೆತ್ತಗಾಗಿ ಬಗ್ಗುತ್ತಿತ್ತು, ಹಲ್ಲು ಮುರಿದು ಮಂಚೂರಿಯಲ್ಲೇ ಉಳಿಯುತ್ತಿತ್ತು. ಹಲ್ಲಿರುವ ಚಮಚದ ಬಗ್ಗೆ ಜನರಿಗೆ ಬಂದಿರುವ ತಾತ್ಸಾರಕ್ಕೆ ಅರ್ಧ ಕಾರಣ ಅದೇ. ಈಗ ಕೆಲವು ಅಂಗಡಿಗಳಲ್ಲಿ ಕೊಡುವ ಮರದ ಚಮಚಗಳು ಮಣ್ಣಿಗೆ ಒಳ್ಳೆಯವು, ತುಟಿಗೆ ಅಷ್ಟೇನೂ ಹಿತವಲ್ಲ, ಹೆಚ್ಚು ಹೊತ್ತು ರಸದಲ್ಲಿ ಬಿಟ್ಟರೆ ಉಬ್ಬಿ ಎಳೆ ಬಿಡುತ್ತವೆ. ಆದ್ದರಿಂದ ಉಕ್ಕಿನದೊಂದನ್ನು ಚೀಲದಲ್ಲಿ ಇಟ್ಟುಕೊಳ್ಳಿ.

ಸಂದಿಯಲ್ಲಿ ಸಿಕ್ಕದ್ದನ್ನು ತೊಳೆಯುವುದು ಹೇಗೆ?

ಒಣಗಲು ಬಿಡಬಾರದು, ಅದೇ ಮುಖ್ಯ. ತಿಂದ ಕೂಡಲೇ ನೀರಿನಲ್ಲಿ ಹಾಕಿದರೆ ಎಲ್ಲವೂ ಬಿಡುತ್ತದೆ. ಒಣಗಿದ ಅವಲಕ್ಕಿ ಮತ್ತು ಕುಂದಾ ಮಾತ್ರ ಹಟ ಮಾಡುತ್ತವೆ, ಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಇದಕ್ಕೆಂದೇ ಬೇರೆ ಇಟ್ಟ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಯ ಬುಡದಿಂದ ತುದಿಯ ಕಡೆಗೆ ಉಜ್ಜಿ.

ಎಡಗೈಯವರಿಗೆ ಬೇರೆ ಬೇಕೇ?

ಎರಡೂ ಬದಿ ಒಂದೇ ತೆರನಾಗಿದ್ದರೆ ಬೇಡ. ಒಂದು ಬದಿಗೆ ಮಾತ್ರ ಕತ್ತರಿಸುವ ಅಂಚಿರುವ ಚಮಚ ಹೆಚ್ಚಾಗಿ ಬಲಗೈಗೆ ಮಾಡಿದ್ದಾಗಿರುತ್ತದೆ, ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ನೋಡಿ.

ಒಂದು ಹಲ್ಲು ಬಾಗಿದೆ, ಎಸೆಯಬೇಕೇ?

ಎಸೆಯಬೇಡಿ. ಸಪಾಟಾದ ಕಲ್ಲಿನ ಮೇಲೆ ಚಮಚವನ್ನು ಬೋರಲಿಟ್ಟು, ಹಲ್ಲಿನ ಮೇಲೆ ಮಡಚಿದ ಬಟ್ಟೆ ಹಾಕಿ, ಮರದ ಲಟ್ಟಣಿಗೆಯ ತುದಿಯಿಂದ ಮೆಲ್ಲಗೆ ಒತ್ತಿದರೆ ಸಾಲಿಗೆ ಬರುತ್ತದೆ. ಅದೇ ಹಲ್ಲು ಮತ್ತೆ ಮತ್ತೆ ಬಾಗುತ್ತಿದ್ದರೆ ಬುಡದಲ್ಲಿ ಬಿರುಕು ಬಿಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಬಿರುಕಿದ್ದರೆ ತಿನ್ನಲು ಬಳಸಬಾರದು, ಡಬ್ಬಿಯಿಂದ ಹಿಟ್ಟು ತೆಗೆಯಲು ಇಟ್ಟುಕೊಂಡು, ತಿನ್ನಲು ಹೊಸದೊಂದನ್ನು ತನ್ನಿ.